ಬೆಳ್ಳುಳ್ಳಿ, ಮೆಣಸಿನಕಾಯಿ ಮತ್ತು ಹತ್ತನೇ ಕಂತು

ಮಾವಶಿ ತೀರಿಕೊಂಡ ಸುದ್ದಿಯನ್ನು ಫೋನ್ ಮಾಡಿ ಕಿರಣನಿಗೆ ಹೇಳಿದೆ. ಅವನು ಈಗ ಬೆಂಗಳೂರಿಗೆ ಮರಳಿದ್ದಾನೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಮೂರನೇ ಸೀಸನ್ ನೋಡಿದ್ರಾ ಅವರು?"

ನನಗೆ ಸಿಟ್ಟು ಬರಬೇಕಿತ್ತು. ಸಿಟ್ಟು ನನಗೆ ಬೇಗ ಬರುತ್ತದೆ. ಇಪ್ಪತ್ತು ವರ್ಷದಿಂದ ಪುಣೆಯ ಶಿವಾಜಿನಗರದಲ್ಲಿ ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಸ್ಟ್ ಆಗಿರುವವನಿಗೆ ಬೇರೇನು ಬರಬೇಕು. ಆದರೆ ಅವತ್ತು ಬರಲಿಲ್ಲ. ಸುದ್ದಿ ಕೇಳಿದಾಗ ನನ್ನ ತಲೆಗೆ ಬಂದದ್ದೂ ಅದೇ ಪ್ರಶ್ನೆಯಾಗಿತ್ತು. ಇಲ್ಲ, ಮಾವಶಿ ನೋಡಿರಲಿಲ್ಲ. ಅದು ಬರುವ ಹೊತ್ತಿಗೆ ಅವರ ಕಣ್ಣಿಗೆ ಪೊರೆ ಬಂದಿತ್ತು. "ನೀವಽ ನೋಡ್ರಿ, ನೋಡಿ ನನಗ ಹೇಳ್ರಿ" ಅಂದಿದ್ದರು. ನಾನು ಸೋಮಾರಿ, ನೋಡುವುದನ್ನು ಮುಂದೂಡುತ್ತ ಹೋದೆ, ಅವರು ಹೋಗಿಬಿಟ್ಟರು.

ನೋಡಿ, ಕೊನೆಯದನ್ನು ಮೊದಲೇ ಹೇಳಿಬಿಟ್ಟೆ. ನನ್ನ ಕೆಲಸವೇ ಘಟನೆಗಳನ್ನು ತಾರೀಖಿನ ಪ್ರಕಾರ ಜೋಡಿಸುವುದು. ಯಾವ ದಾವೆಯಾದರೂ ಮೊದಲು ಒಂದು ಪಟ್ಟಿ ಬೇಕು: ಯಾವಾಗ ಮದುವೆ, ಯಾವಾಗ ಜಗಳ, ಯಾವಾಗ ನೋಟಿಸು. ಹಿಂದುಮುಂದಾದರೆ ನಮ್ಮ ಸಾಹೇಬರು ಕಾಗದವನ್ನು ಮುಖಕ್ಕೆ ಎಸೆಯುತ್ತಾರೆ. ಅಂಥವನು ಮಾವಶಿಯ ವಿಷಯದಲ್ಲಿ ಮಾತ್ರ ಒಂದಾದರೂ ಸಂಗತಿಯನ್ನು ಸಾಲಾಗಿ ಇಟ್ಟವನಲ್ಲ. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ, ಅದು ನನ್ನ ಮರ್ಯಾದೆಯ ಪ್ರಶ್ನೆ.

ಬಿಬವೇವಾಡಿಯ ಒಂದು ಓಣಿಯಲ್ಲಿ, ನೆಲಮಹಡಿಯ ಎರಡು ಕೋಣೆಗಳಲ್ಲಿ ಅವರ ಖಾನಾವಳಿ ಇತ್ತು. ಪುಣೆಯಲ್ಲಿ ಊಟಕ್ಕೆ ಹಾಕುವ ಹೆಂಗಸರೆಲ್ಲ ಮಾವಶಿಯರೇ, ಮರಾಠಿಯಲ್ಲಿ ಹಾಗೆಂದರೆ ಚಿಕ್ಕಮ್ಮ. ನಮ್ಮ ಮಾವಶಿ ಇಂಡಿ ಸೀಮೆಯವರು. ಗಂಡ ಇಲ್ಲಿಯ ಕಾರ್ಖಾನೆಯೊಂದರಲ್ಲಿ ದುಡಿಯಲು ಬಂದಿದ್ದರು. ಅವರು ತೀರಿಕೊಂಡ ಮೇಲೆ ಒಲೆಯ ಮುಂದೆ ರೊಟ್ಟಿ ಬಡಿಯಲು ಕುಳಿತ ಮಾವಶಿ, ನಾನು ಕಂಡಂತೆ, ಮೇಲೆದ್ದದ್ದು ಕಡಿಮೆ. ಗಿಡ್ಡ ಆಳು, ಹಣೆಯಲ್ಲಿ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಮಾತಾಡುವಾಗ ರೊಟ್ಟಿಯ ಮೇಲಿನ ಕೈ ನಿಲ್ಲುತ್ತಿರಲಿಲ್ಲ; ಬಡಿತ ಜೋರಾದರೆ ಸಿಟ್ಟು ಬಂದಿದೆ ಎಂದು ಊಟಕ್ಕೆ ಕೂತವರು ತಿಳಿದುಕೊಂಡು ಬೇಗ ಬೇಗ ಉಣ್ಣುತ್ತಿದ್ದೆವು.

ಹೊಸಬರು ಬಂದರೆ ಅವರು ಹೆಸರು ಕೇಳುತ್ತಿರಲಿಲ್ಲ. "ಯಾರ ಪೈಕಿ?" ಎಂದು ಕೇಳುತ್ತಿದ್ದರು. ಊರು ಯಾವುದು, ತಾಯಿಯ ತವರು ಯಾವುದು, ಸೋದರತ್ತೆಯನ್ನು ಯಾವೂರಿಗೆ ಕೊಟ್ಟಿದ್ದಾರೆ. ಮೂರನೇ ರೊಟ್ಟಿ ತಟ್ಟೆಗೆ ಬೀಳುವುದರೊಳಗೆ ಎದುರಿನವನ ಮೂರು ತಲೆಮಾರು ಅವರ ಕೈಯಲ್ಲಿ. ನಾನು ಗದಗಿನವನೆಂದು ತಿಳಿದ ಹತ್ತು ನಿಮಿಷಕ್ಕೆ, ನಮ್ಮ ತಾಯಿಯ ದೊಡ್ಡಮ್ಮನ ಸೊಸೆ ಅವರ ಓರಗಿತ್ತಿಯ ತಂಗಿಯೆಂದು ಪತ್ತೆ ಹಚ್ಚಿದರು. ಅಂದಿನಿಂದ ನನಗೆ ಗುರೆಳ್ಳು ಚಟ್ನಿ ಒಂದು ಚಮಚ ಜಾಸ್ತಿ. ನನ್ನನ್ನು ಕರೆಯುತ್ತಿದ್ದದ್ದು ಮಾತ್ರ ವಕೀಲ್ರ ಅಂತ. "ನಾನು ವಕೀಲ ಅಲ್ರೀ ಮಾವಶಿ, ಟೈಪಿಸ್ಟ್" ಅಂದರೆ, "ಕರಿ ಕೋಟಿನ ಬಾಜೂಕ ಕುಂಡರ್ತೀರಿಲ್ಲ, ಸಾಕ ಬಿಡ್ರಿ" ಅನ್ನುತ್ತಿದ್ದರು.

ಎಲ್ಲರ ತವರು ಕೇಳುವ ಮಾವಶಿಗೆ ತಮ್ಮ ತವರಿನ ಮಾತು ಬಂದರೆ ಆಗುತ್ತಿರಲಿಲ್ಲ. "ಅದನ್ನ ಬಿಡ್ರಿ, ಸಾರು ಹಾಕ್ಲೇನು?" ಎಂದು ಸೌಟು ಎತ್ತುತ್ತಿದ್ದರು. ಬಾರಾಮತಿಯಲ್ಲಿ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿರುವ ಒಬ್ಬ ತಮ್ಮನಿದ್ದಾನೆ, ಅವನ ಜೊತೆ ಮಾತು ನಿಂತು ಹನ್ನೆರಡು ವರ್ಷವಾಗಿದೆ ಎನ್ನುವುದು ಹಳೇ ಗಿರಾಕಿಗಳಿಗೆಲ್ಲ ಗೊತ್ತಿತ್ತು. ಕಾರಣ ಯಾರಿಗೂ ಗೊತ್ತಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ, ಊಟ ಅಲ್ಲೇ ಆಗಬೇಕಲ್ಲ.

ಇನ್ನು ಸೀರಿಯಲ್ಲಿನ ವಿಷಯ. ಕಿರಣ ಆಗ ಇಲ್ಲಿ ಕಾರಿನ ಬಿಡಿಭಾಗಗಳ ನಕ್ಷೆ ಮಾಡುವ ಎಂಜಿನಿಯರ್. ಮಾವಶಿಯ ಕನ್ನಡ ಅರ್ಧ ತಿಳಿಯದಿದ್ದರೂ ಕನ್ನಡ ಕಿವಿಗೆ ಬೀಳಲಿ ಎಂದು ಬರುತ್ತಿದ್ದವನು. ಮಾವಶಿ ಟಿವಿಯಲ್ಲಿ ಮರಾಠಿ ಧಾರಾವಾಹಿ ಹಾಕಿಕೊಂಡು, ಮುಂದಿನ ವಾರ ಯಾರು ಯಾರಿಗೆ ವಿಷ ಹಾಕುತ್ತಾರೆಂದು ಈ ವಾರವೇ ಹೇಳುತ್ತಿದ್ದರು. ಒಮ್ಮೆಯೂ ತಪ್ಪುತ್ತಿರಲಿಲ್ಲ. ಅದನ್ನು ನೋಡಿ ನೋಡಿ ಕಿರಣನಿಗೆ ಹುರುಪು ಬಂತು.

"ಮಾವಶಿ, ಒಂದು ಸೀರೀಸ್ ಇದೆ. ಆಕ್ಚುಲಿ ಯಾರಿಗೂ ಅರ್ಥ ಆಗಿಲ್ಲ, ಅದಕ್ಕೇ ಫೇಮಸ್ಸು. ಅದನ್ನ ಗೆಸ್ ಮಾಡಿ ನೋಡೋಣ."

"ಯಾರಿಗೂ ತಿಳೀಲಾರದ್ದನ್ನ ಯಾಕ ಮಾಡ್ಯಾರ ಯಪ್ಪಾ?"

"ತಲೆ ಕೆಡಿಸಿಕೊಳ್ಳೋಕೆ."

"ಅದಕ್ಕ ಟಿವಿ ಯಾಕ ಬೇಕು," ಅಂದರು ಮಾವಶಿ. ಅಂದರೂ ಒಪ್ಪಿದರು.

ಯಾವುದೋ ಚಳಿ ದೇಶದ ಕಥೆ. ಒಂದು ದೊಡ್ಡ ಕೆರೆ, ದಂಡೆಯ ಮೇಲೊಂದು ಸಣ್ಣ ಪೇಟೆ, ಆಚೆ ದಂಡೆಗೆ ಹೋಗುವ ಒಂದು ದೋಣಿ. ಮಂಜು ಬಿದ್ದ ದಿನ ದೋಣಿ ಹತ್ತಿದವರು ಆಚೆ ದಂಡೆಯಲ್ಲಿ ಇಳಿಯುವ ಹೊತ್ತಿಗೆ ವರ್ಷವೇ ಬೇರೆಯಾಗಿರುತ್ತದೆ. ಒಮ್ಮೆ ಮೂವತ್ತು ವರ್ಷ ಹಿಂದೆ, ಒಮ್ಮೆ ಮೂವತ್ತು ವರ್ಷ ಮುಂದೆ. ಮೊದಲ ಕಂತಿನಲ್ಲೇ ದೋಣಿ ನಡೆಸುವವನು ಕಾಣೆಯಾಗುತ್ತಾನೆ. ಅವನು ಎಲ್ಲಿಗೆ ಹೋದ, ಯಾವ ವರ್ಷಕ್ಕೆ ಹೋದ, ಅದೇ ರಹಸ್ಯ. ಮಾತು ಅವರ ಭಾಷೆಯಲ್ಲಿ, ಕೆಳಗೆ ಇಂಗ್ಲಿಷ್ ಸಾಲುಗಳು. ಅವನ್ನು ಓದಿ ಕನ್ನಡದಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ರವಿವಾರ ಮಧ್ಯಾಹ್ನ ಊಟದವರೆಲ್ಲ ಹೋದ ಮೇಲೆ ವಾರಕ್ಕೊಂದು ಕಂತು, ಮೂವರೂ ಒಟ್ಟಿಗೆ, ಯಾರೂ ಕದ್ದು ಮುಂದಿನದನ್ನು ನೋಡಬಾರದು ಎಂದು ಕರಾರಾಯಿತು.

ಅನುವಾದಕನಾಗಿ ನಾನು ಅನುಭವಿಸಿದ ಹಿಂಸೆ ದೇವರಿಗೇ ಪ್ರೀತಿ. "ಇವನು ಅವಳ ಅಂಕಲ್ ಅಂತ್ರೀ" ಎಂದರೆ ಸಾಕು, ಮಾವಶಿ ರಿಮೋಟ್ ಒತ್ತಿ ನಿಲ್ಲಿಸುತ್ತಿದ್ದರು. "ಕಾಕಾನೋ, ಸೋದರಮಾವನೋ, ದೊಡ್ಡಪ್ಪನೋ? ಸರಿಯಾಗಿ ಹೇಳ್ರಿ." ಅಲ್ಲಿ ಬರೆದಿಲ್ಲ ಮಾವಶಿ ಎಂದರೆ, "ಬರೀಲಿಲ್ಲ ಅಂದ್ರ ಅಕಿ ಅವನ ಜೋಡಿ ಹೆಂಗ ಮಾತಾಡಬೇಕು? ಸೆರಗು ಹೊದ್ದುಕೊಂಡೋ, ಹಂಗಽನೋ?" ಎನ್ನುತ್ತಿದ್ದರು. ಅಲ್ಲಿ ಯಾರಿಗೂ ಸೆರಗೇ ಇರಲಿಲ್ಲ. ಆದರೂ ಅವರು ಬಿಡುತ್ತಿರಲಿಲ್ಲ. ನಂಟು ಗೊತ್ತಿಲ್ಲದೆ ಕಥೆ ನೋಡುವುದೂ ಉಪ್ಪಿಲ್ಲದೆ ಉಣ್ಣುವುದೂ ಅವರಿಗೆ ಒಂದೇ.

ಎದುರು ಮನೆಯ ಮರಾಠಿ ಅಜ್ಜಿಯೊಬ್ಬರು ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವರು ಒಮ್ಮೆ ನಮ್ಮ ಜೊತೆ ಕೂತುಬಿಟ್ಟರು. ತೆರೆಯ ಮೇಲೆ ಮುದುಕನೊಬ್ಬ ಬಂದ. ಅವನು ಯಾರೆಂದು ಅಜ್ಜಿ ಕೇಳಿದರು. "ತೋಚ್, ಪಣ್ ಉದ್ಯಾಚಾ" ಎಂದರು ಮಾವಶಿ, ಕಣ್ಣು ತೆಗೆಯದೆ. ಅವನೇ, ಆದರೆ ನಾಳೆಯವನು ಎಂದರ್ಥ. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, ಮಜ್ಜಿಗೆ ತೆಗೆದುಕೊಂಡು ಎದ್ದು ಹೋದರು. ಮತ್ತೆ ರವಿವಾರ ಮಧ್ಯಾಹ್ನ ಆ ಕಡೆ ಬರಲಿಲ್ಲ.

ಪಾತ್ರಗಳು ಹೆಚ್ಚಾದಂತೆ ಕಿರಣ ಲ್ಯಾಪ್‌ಟಾಪಿನಲ್ಲಿ ನಕ್ಷೆ ಮಾಡಿದ. ನೀಲಿ ಗೆರೆ, ಕೆಂಪು ಗೆರೆ, ಬಾಣ. ಎರಡೇ ವಾರಕ್ಕೆ ಅದು ಅವನಿಗೇ ತಿಳಿಯದಂತಾಯಿತು. ಮಾವಶಿ ಅದರತ್ತ ನೋಡಲೂ ಇಲ್ಲ. ಕೊಣಮಿಗೆಯನ್ನು, ಅಂದರೆ ರೊಟ್ಟಿ ಹಿಟ್ಟು ನಾದುವ ಅಗಲವಾದ ಮರದ ತಟ್ಟೆಯನ್ನು, ಬೋರಲು ಹಾಕಿ ಅದರ ಬೆನ್ನಿನ ಮೇಲೆ ಕಥೆ ಹೂಡಿದರು. ಗಂಡಸರು ಬ್ಯಾಡಗಿ ಮೆಣಸಿನಕಾಯಿ, ಹೆಂಗಸರು ಬೆಳ್ಳುಳ್ಳಿ ಎಸಳು. ಸತ್ತವರಿಗೆ ತೊಟ್ಟು ಮುರಿಯುವುದು ಅಥವಾ ಸಿಪ್ಪೆ ಸುಲಿಯುವುದು. ವರ್ಷ ದಾಟಿದವರ ಪಕ್ಕ ಒಂದು ಹುಣಸೆ ಬೀಜ. ಅನುಮಾನ ಇದ್ದವರನ್ನು ಅಂಚಿಗೆ ತಳ್ಳುತ್ತಿದ್ದರು. ಕಂತು ಮುಗಿದು ಚರ್ಚೆಯೂ ಮುಗಿದ ಮೇಲೆ ಎಲ್ಲರನ್ನೂ ಬಳಿದು ಕಲ್ಲಿಗೆ ಹಾಕಿ ಉಪ್ಪು ಸೇರಿಸಿ ಅರೆದುಬಿಡುತ್ತಿದ್ದರು. ಸೋಮವಾರ ಊಟಕ್ಕೆ ಬಂದವರು ಆ ಕಥೆಯ ಪೋಲೀಸ್ ಅಧಿಕಾರಿಯನ್ನೂ ಪೋಸ್ಟ್ ಮಾಸ್ತರನನ್ನೂ ರೊಟ್ಟಿಗೆ ಹಚ್ಚಿಕೊಂಡು ಉಂಡರು, ಅವರಿಗೆ ಗೊತ್ತಾಗಲಿಲ್ಲ.

ಎರಡನೆಯ ರವಿವಾರದ ಕಂತಿನಲ್ಲಿ ಎಲ್ಲ ಬದಲಾಗಿತ್ತು. ಮೊದಲ ಕಂತಿನಲ್ಲಿ ಕಂಡವರಲ್ಲಿ ಅರ್ಧ ಜನ ಇಲ್ಲ, ಉಳಿದವರಿಗೆ ತಲೆ ನರೆತಿದೆ. ಮಂಜಿನಲ್ಲಿ ದೋಣಿ ಬಂದು ನಿಲ್ಲುತ್ತದೆ. ನಾವು ಹಿಂದೆ ನೋಡಿಯೇ ಇರದ ಒಬ್ಬ ಮುದುಕಿ ಇಳಿಯುತ್ತಾಳೆ, ಕೈಯಲ್ಲಿ ಬಟ್ಟೆ ಸುತ್ತಿದ ಡಬ್ಬಿ. ದೋಣಿಯವನ ಮನೆಗೆ ನಡೆದು ಹೋಗುತ್ತಾಳೆ. ಬಾಗಿಲಿಗೆ ಬೀಗ, ಬೀಗಕ್ಕೆ ತುಕ್ಕು. ಪಕ್ಕದವರು ಏನೋ ಹೇಳುತ್ತಾರೆ. ಅವಳು ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚಿ, ರೊಟ್ಟಿಯಂಥದ್ದನ್ನು ಮುರಿದು, ಅರ್ಧ ಹೊಸ್ತಿಲ ಮೇಲಿಟ್ಟು ಅರ್ಧ ತಾನು ತಿನ್ನುತ್ತಾಳೆ. ಅಲ್ಲಿಗೆ ಮುಗಿಯಿತು.

ಎಂಥ ನಿರ್ದೇಶಕನಪ್ಪಾ, ಎರಡನೆಯ ಕಂತಿನಲ್ಲೇ ಹೀಗೆ ಮಾಡುತ್ತಾನಲ್ಲ ಎಂದು ನನಗೆ ಗೌರವ ಹುಟ್ಟಿತು. ಮುದುಕಿ ಅವನ ಹೆಂಡತಿ ಎಂದೆ ನಾನು. ದೋಣಿಯವನ ಮೊಮ್ಮಗಳು ಭವಿಷ್ಯದಿಂದ ಬಂದಿದ್ದಾಳೆ ಎಂದ ಕಿರಣ. ಮಾವಶಿ ಒಂದು ಬೆಳ್ಳುಳ್ಳಿ ಎಸಳನ್ನು ತಂದು ದೋಣಿಯವನ ಮೆಣಸಿನಕಾಯಿಯ ಪಕ್ಕದಲ್ಲಿಟ್ಟರು.

"ಅಕಿ ಅವನ ಅಕ್ಕ."

"ಅವನಿಗೆ ಅಕ್ಕ ಇದಾಳೆ ಅಂತ ಎಲ್ಲೂ ಹೇಳಿಲ್ವಲ್ಲ ಮಾವಶಿ."

"ಬುತ್ತಿ ಹೆಂಗ ಹಿಡಕೊಂಡಿದ್ಲು ನೋಡಿದಿಲ್ಲೋ? ಎದಿಗೆ ಅವಚಿಕೊಂಡು. ಗಂಡನ ಮನಿಗೆ ಹೋಗಾಕಿ ಹಂಗ ಹಿಡಿಯಂಗಿಲ್ಲ. ತವರಮನಿಗೆ ಹೋಗಾಕಿ ಹಿಡೀತಾಳ."

"ಅವರ ದೇಶದಲ್ಲಿ ತವರುಮನೆ ಅಂತೆಲ್ಲ ಇರುತ್ತಾ?"

"ತವರಮನಿ ಇಲ್ಲದ ದೇಶ ಯಾವುದದ ಹೇಳು," ಅಂದರು. ಅವತ್ತು ಮಾವಶಿ ಚಟ್ನಿ ಅರೆಯುವಾಗ ಆ ಒಂದು ಎಸಳನ್ನು ಮಾತ್ರ ಬದಿಗೆ ಇಟ್ಟದ್ದನ್ನು ನಾನು ನೋಡಿದೆ.

ಮೂರನೆಯ ವಾರ ಎಲ್ಲರೂ ಮತ್ತೆ ಹರೆಯದವರಾಗಿದ್ದರು. ಮಂಜು, ದೋಣಿ, ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡೆವು. ನಾಲ್ಕನೆಯ ವಾರ ಕಿರಣ ಕೆಂಪು ಮುಖ ಮಾಡಿಕೊಂಡು ಬಂದ. ಆ ಸೀರಿಯಲ್ಲಿನ ಅಭಿಮಾನಿಗಳದೊಂದು ಗುಂಪು ಅಂತರ್ಜಾಲದಲ್ಲಿತ್ತು, ನಾನಾ ದೇಶದವರು ಅಲ್ಲಿ ತಲೆ ಕೆಡಿಸಿಕೊಳ್ಳುತ್ತಿದ್ದರು. ಎರಡನೆಯ ಕಂತಿನ ಮುದುಕಿಯ ಬಗ್ಗೆ ಇವನು ಉದ್ದನೆಯ ಪ್ರಬಂಧ ಬರೆದು ಹಾಕಿದ್ದಾನೆ. ಎರಡನೆಯ ಕಂತಿನಲ್ಲಿ ಮುದುಕಿಯೇ ಇಲ್ಲವಲ್ಲ ಎಂದು ಅವರು ನಕ್ಕಿದ್ದಾರೆ.

ಮೂವರೂ ಟಿವಿಯ ಹತ್ತಿರ ಹೋಗಿ ಪೆನ್‌ಡ್ರೈವಿನ ಪಟ್ಟಿಯನ್ನು ನೋಡಿದೆವು. ಒಂದು. ಹತ್ತು. ಎರಡು. ಮೂರು.

ಹೇಳಲು ನಾಚಿಕೆ, ಹೇಳದೆ ವಿಧಿಯಿಲ್ಲ. ಕಂತುಗಳನ್ನು ಪೆನ್‌ಡ್ರೈವಿಗೆ ಹಾಕಿದವನು ನಾನು. ಕಿರಣ ಕೊಟ್ಟಾಗ ಒಂದೊಂದಕ್ಕೂ ಗೇಣುದ್ದದ ಹಾಳು ಹೆಸರಿತ್ತು. ಅಚ್ಚುಕಟ್ಟು ಮನುಷ್ಯನಾದ ನಾನು ಕಚೇರಿಯಲ್ಲಿ ಊಟದ ಹೊತ್ತಿನಲ್ಲಿ ಕೂತು ಆ ಹೆಸರುಗಳನ್ನೆಲ್ಲ ಅಳಿಸಿ, ಬರಿಯ ಅಂಕಿ ಕೊಟ್ಟು ಚೊಕ್ಕ ಮಾಡಿದ್ದೆ. ಆ ಹಳೆಯ ಟಿವಿಗೆ ಎಣಿಸಲು ಬರುತ್ತಿರಲಿಲ್ಲ. ಒಂದರಿಂದ ಶುರುವಾದದ್ದನ್ನೆಲ್ಲ ಒಟ್ಟಿಗೆ ಇಟ್ಟು ಒಂದಾದ ಮೇಲೆ ಹತ್ತನ್ನು ಹಾಕಿತ್ತು. ನಾವು ಮೊದಲ ಸೀಸನ್ನಿನ ಕೊನೆಯ ಕಂತನ್ನು ಎರಡನೆಯದಾಗಿ ನೋಡಿ, ನಿರ್ದೇಶಕನ ಜಾಣತನವನ್ನು ಎರಡು ವಾರ ಹೊಗಳಿದ್ದೆವು.

ಮಾವಶಿ ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವ ತನಕ. "ವಕೀಲ್ರ, ನೀವು ಬರೆದ ಕೇಸಿನಾಗ ಮದಲ ಫಾಶಿ ಆಗಿ ಆಮ್ಯಾಲ ಖೂನ ಆಗ್ತಿರಬೇಕು." ಆ ಮಾತನ್ನು ಅವರು ಊಟಕ್ಕೆ ಬಂದ ಪ್ರತಿಯೊಬ್ಬರಿಗೂ ಹೇಳಿದರು. ಒಂದು ತಿಂಗಳು ನಾನು ತಲೆ ತಗ್ಗಿಸಿಕೊಂಡು ಉಂಡೆ.

ಕಿರಣ ಮಾತ್ರ ನಿಜಕ್ಕೂ ಕುಸಿದಿದ್ದ. "ಕೊನೆ ಗೊತ್ತಾಗೋಯ್ತು. ಇನ್ನೇನಿದೆ ನೋಡೋಕೆ? ಮರೆತುಬಿಡೋಣ ಆ ಎಪಿಸೋಡ್ನ."

"ನೋಡಿದ್ದು ನೋಡೇವಿ ಯಪ್ಪಾ. ಕಣ್ಣು ತೊಳಕೊಂಡ್ರ ಹೋಗ್ತದೇನು? ಅಕಿ ಒಬ್ಬಾಕಿನ ಮೆಟ್ಟಲ ಮ್ಯಾಲ ಕುಂತು ರೊಟ್ಟಿ ತಿಂತಾಳ ಅಂಬೂದು ಗೊತ್ತಾತು. ಯಾಕ ಅಂಬೂದು ಗೊತ್ತಾಗಬೇಕಲ್ಲ. ಹಚ್ಚು."

ಅದೇ ವಾರದ ಕಂತಿನಲ್ಲಿ ದೋಣಿಯವನ ಅಕ್ಕ ಬಂದಳು, ಹರೆಯದ ಹೆಂಗಸು, ಎದೆಗೆ ಅವಚಿದ ಡಬ್ಬಿ. ಕಿರಣ ಎದ್ದು ನಿಂತು ಮಾವಶಿಗೆ ಕೈ ಮುಗಿದ. ಮಾವಶಿ ಹಿಗ್ಗಲಿಲ್ಲ. ಆಕೆಯನ್ನೇ ನೋಡುತ್ತಿದ್ದರು.

ಇನ್ನೊಂದು ವಾರ ಬಿಟ್ಟು ಇಡೀ ಜಗತ್ತಿನ ಅಭಿಮಾನಿಗಳನ್ನು ತಿಂಗಳುಗಟ್ಟಲೆ ಗೋಳಾಡಿಸಿದ ಗಂಟು ಎದುರಾಯಿತು. ಮಂಜಿನ ದೋಣಿಯ ದೆಸೆಯಿಂದ ಪೋಸ್ಟ್ ಮಾಸ್ತರ ತನ್ನ ಅಕ್ಕನ ಮಗಳನ್ನೇ ಮದುವೆಯಾಗಿದ್ದಾನೆ. ಯಾರು ಯಾರಿಗೆ ಏನಾಗಬೇಕು? ಗುಂಪಿನಲ್ಲಿ ಒಬ್ಬರು ಇದು ಅಸಾಧ್ಯ ಎನ್ನುತ್ತಾರೆ, ಒಬ್ಬರು ವಾಕರಿಕೆ ಬರುತ್ತದೆ ಎನ್ನುತ್ತಾರೆ, ಕಿರಣನ ನಕ್ಷೆಯಲ್ಲಿ ಒಂದೇ ಹೆಸರು ಎರಡು ಕಡೆ. ಮಾವಶಿ ಒಂದು ಮೆಣಸಿನಕಾಯಿ, ಮೂರು ಬೆಳ್ಳುಳ್ಳಿ ಇಟ್ಟು ಅರ್ಧ ನಿಮಿಷದಲ್ಲಿ ಬಿಡಿಸಿದರು.

"ಇದರಾಗ ಏನದ? ನಮ್ಮನಿಯವರು ನನಗ ಸೋದರಮಾವ ಆಗಬೇಕು. ನನ್ನ ಅತ್ತಿನಽ ನನಗ ಅಜ್ಜಿ. ಮುಂಜಾನಿ ಅತ್ತಿ ಅಂತ ಬೈತಿದ್ಲು, ಸಂಜೀಕ ಅಜ್ಜಿ ಅಂತ ತಲಿಗೆ ಎಣ್ಣಿ ಹಚ್ಚತಿದ್ಲು. ನನ್ನ ಮಗಳು ನನಗ ಮಗಳೂ ಹೌದು, ಮಾವನ ಮಗಳೂ ಹೌದು. ಇಷ್ಟಕ್ಕ ದೋಣಿ ಯಾಕ ಹತ್ತಬೇಕು?"

ಕಿರಣ ಅದರ ಚಿತ್ರ ತೆಗೆದು ಗುಂಪಿಗೆ ಹಾಕಿದ. ಎಲ್ಲಿಂದಲೋ ಒಬ್ಬಾತ ಬಾದಾಮಿ ಮತ್ತು ದ್ರಾಕ್ಷಿ ಇಟ್ಟು ತಾನೂ ಬಿಡಿಸಿ ಚಿತ್ರ ಕಳಿಸಿದ. "ಅಂವನೂ ಖಾನಾವಳಿ ಇಟ್ಟಾನೇನು?" ಎಂದು ವಿಚಾರಿಸಿದರು ಮಾವಶಿ. ಆ ಖುಷಿಯಲ್ಲಿ ಕಿರಣ ಕೇಳಬಾರದ್ದನ್ನು ಕೇಳಿಬಿಟ್ಟ. "ಹಾಗಾದ್ರೆ ನಿಮ್ಮ ಮಗಳಿಗೂ ಸೋದರಮಾವನ ಜೊತೆನೇ ಮದುವೆನಾ?"

"ಇಲ್ಲ. ಅಕಿ ನರ್ಸು," ಎಂದರು ಮಾವಶಿ. ಟಿವಿ ಆರಿಸಿ ಒಳಗೆ ಹೋದರು. ಚಟ್ನಿಯನ್ನೂ ಅರೆಯಲಿಲ್ಲ.

ಮುಂದಿನ ಕಂತಿನಲ್ಲಿ ದೋಣಿಯವನ ಮತ್ತು ಅವನ ಅಕ್ಕನ ಜಗಳ ಬಂತು. ತಮ್ಮ ಏನನ್ನೋ ಬೇಡುತ್ತಾನೆ, ಅಕ್ಕ ಆಗುವುದಿಲ್ಲ ಎನ್ನುತ್ತಾಳೆ. ಅಷ್ಟಕ್ಕೇ ಬಿಡದೆ ಊರವರ ಮುಂದೆ ಇನ್ನೊಂದು ಮಾತು ಆಡುತ್ತಾಳೆ. ಕೆಳಗಿನ ಸಾಲನ್ನು ನಾನು ಓದಿದೆ: "ನೀನು ಆ ಕೆರೆಯಲ್ಲಿ ಮುಳುಗಿ ಸತ್ತಿದ್ದರೇ ಚೆನ್ನಾಗಿತ್ತು."

"ಹಂಗಽ ಅಂದ್ಲಾ? ಇನ್ನೊಮ್ಮೆ ಓದ್ರಿ."

ಓದಿದೆ. ಅವರು ರಿಮೋಟ್ ಒತ್ತಿ ನಿಲ್ಲಿಸಿದರು. ಆಕೆಯ ತೆರೆದ ಬಾಯಿ ತೆರೆಯ ಮೇಲೆ ಹಾಗೇ ನಿಂತಿತು. ಆಮೇಲೆ ಮಾವಶಿ, ನಾವು ಯಾರೂ ಕೇಳದೆ, ಮೊದಲ ಸಲ ತಮ್ಮ ತವರಿನ ಮಾತು ತೆಗೆದರು.

ತಾಯಿ ಬೇಗ ಹೋಗಿ, ಹತ್ತು ವರ್ಷ ಸಣ್ಣವನಾದ ತಮ್ಮನನ್ನು ಸಾಕಿದ್ದು ಅವರೇ. ಮದುವೆಯಾಗಿ ಬಂದಾಗ ಜೊತೆಗೇ ಕರೆತಂದಿದ್ದರು. ಅವನು ದೊಡ್ಡವನಾದ, ಬಾರಾಮತಿಯಲ್ಲಿ ಕೆಲಸ ಹಿಡಿದ. ಅಕ್ಕನ ಮಗಳು ಹತ್ತೊಂಬತ್ತಕ್ಕೆ ಬಂದಾಗ, ರೂಢಿಯಂತೆ ಹಿರಿಯರನ್ನು ಕರೆದುಕೊಂಡು ಬಂದು ಹೆಣ್ಣು ಕೇಳಿದ. ಮಗಳಿಗೆ ಓದುವ ಆಸೆ ಇತ್ತು. ಮಾವಶಿ ಕೊಡುವುದಿಲ್ಲ ಎಂದರು.

"ಇಲ್ಲ ಅಂದಿದ್ದು ತಪ್ಪಲ್ರಿ. ಇವತ್ತಿಗೂ ಇಲ್ಲಂತನಽ ಅಂತೀನಿ. ನಾ ಎತ್ತಿ ಆಡಿಸಿದ ಹುಡುಗಗ ನಾ ಹಡದ ಮಗಳನ್ನ ಹೆಂಗ ಕೊಡೂದು? ಆದ್ರ ಹಿರ್ಯಾರು ಜುಲುಮಿ ಮಾಡಿದ್ರು, ನನಗ ಸಿಟ್ಟು ನೆತ್ತಿಗೇರಿತು. ಇವನ ಕೈಯಾಗ ಕೊಡೂದಕಿಂತ ಬಾವಿಗೆ ನೂಕ್ತೀನಿ ಅಂದೆ. ಎಲ್ಲಾರ ಮುಂದ. ಅಂವಗ ಹೆಣ್ಣು ಸಿಗಲಿಲ್ಲಂತ ಬ್ಯಾಸರಾಗಿಲ್ರಿ. ಆ ಮಾತಿಗೆ ಆತು. ಇನ್ನ ನನ್ನ ಹೊಸ್ತಿಲ ತುಳೀಬ್ಯಾಡ ಅಂದು ಎದ್ದು ಹೋದ."

ವರ್ಷದೊಳಗೆ ಅವನು ಬೇರೆ ಕಡೆ ಮದುವೆಯಾದ. ಕರೆಯಲಿಲ್ಲ. ಅವನ ಸುದ್ದಿಯನ್ನು ತಮ್ಮ ಮುಂದೆ ಯಾರೂ ಎತ್ತಬಾರದೆಂದು ಮಾವಶಿ ನೆಂಟರಿಗೆಲ್ಲ ತಾಕೀತು ಮಾಡಿದ್ದರು. ಮಗಳಿಗೂ ಅದೇ ತಾಕೀತು. ಮಾವಶಿಯ ಮಾತನ್ನು ಮೀರುವವರು ಯಾರು, ಎಲ್ಲರೂ ಬಾಯಿ ಮುಚ್ಚಿಕೊಂಡರು. ಹೋದ ವರ್ಷ ಮಾತ್ರ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಊರಿನವನೊಬ್ಬ ಬಾಯಿ ತಪ್ಪಿ, ನಿಮ್ಮ ತಮ್ಮನ ಎದೆಗೆ ಸ್ಪ್ರಿಂಗ್ ಹಾಕಿದ್ದಾರಂತೆ ಅಂದನಂತೆ. ಆಗಲೂ ಇವರು ಹೋಗಲಿಲ್ಲ.

"ಯಾಕ್ರೀ?" ಎಂದೆ.

"ಮದಲ ಅಂವ ಬರ್ಲಿ ಅಂತ," ಎಂದು ಮತ್ತೆ ರಿಮೋಟ್ ಒತ್ತಿದರು.

ಅಲ್ಲಿಂದ ಮುಂದೆ ನಮ್ಮ ಮಾವಶಿ ಒಗಟು ಬಿಡಿಸುವುದನ್ನು ಬಿಟ್ಟರು. ಯಾರು ದೋಣಿ ಕದ್ದರು, ಯಾವ ವರ್ಷದ ಪೋಲೀಸು ಯಾವ ವರ್ಷದವನನ್ನು ಹಿಡಿದ, ಯಾವುದೂ ಅವರಿಗೆ ಬೇಕಿರಲಿಲ್ಲ. ಅಕ್ಕ ತೆರೆಯ ಮೇಲೆ ಬಂದರೆ ಬಯ್ಯುತ್ತಿದ್ದರು. ಆಕೆ ದೋಣಿಕಟ್ಟೆಯ ತನಕ ಬಂದು ಹಿಂದಕ್ಕೆ ಹೋದರೆ, "ಹತ್ತಬೇ, ಹತ್ತು. ನಿನಗೇನ ಕಾಲಿಲ್ಲೇನು?" ಆಕೆ ಪತ್ರ ಬರೆದು ಹರಿದು ಹಾಕಿದರೆ, "ಮೂಳಿ, ಮುಂದ ಬೀಗಾ ನೋಡಾಕಿ ಇದ್ದೀ, ನಿನಗ ಗೊತ್ತಿಲ್ಲ." ಆಕೆಗೆ ಗೊತ್ತಿರಲಿಲ್ಲ, ನಿಜ. ನಮಗೆ ಗೊತ್ತಿತ್ತು. ನನ್ನ ಅಚ್ಚುಕಟ್ಟಿನ ದೆಸೆಯಿಂದ ನಾವು ಆ ತುಕ್ಕು ಹಿಡಿದ ಬೀಗವನ್ನು ಮೊದಲೇ ನೋಡಿದ್ದೆವು. ಸಾಲಾಗಿ ನೋಡಿದವರಿಗೆ ಅದು ಯಾರೋ ಚಳಿ ದೇಶದವರ ಜಗಳ. ನಮಗೆ ಆಕೆ ತಡ ಮಾಡಿದ ಒಂದೊಂದು ದಿನವೂ ಕಾಣುತ್ತಿತ್ತು.

ಒಂಬತ್ತನೆಯ ಕಂತು ಮುಗಿಯಿತು. ಹತ್ತನೆಯದು ನೋಡಿದ್ದೇ ಅಲ್ಲವೆ ಎಂದು ನಾವು ಏಳಲು ಹೊರಟೆವು. "ಕುಂಡ್ರ್ರಿ. ಅದನ್ನ ಇನ್ನೊಮ್ಮೆ ಹಚ್ಚು," ಎಂದರು. ಹಚ್ಚಿದೆವು. ಮಂಜು, ದೋಣಿ, ಡಬ್ಬಿ, ಬೀಗ. ಹಿಂದಿನ ಸಲ ಪಕ್ಕದವರ ಮಾತನ್ನು ನಾನು ಅವಸರದಲ್ಲಿ ಬಿಟ್ಟಿದ್ದೆ. ಈ ಸಲ ಓದಿದೆ: "ಅವನು ದಿನಾ ಸಂಜೆ ದೋಣಿಕಟ್ಟೆಗೆ ಬಂದು ನಿಲ್ಲುತ್ತಿದ್ದ. ಹೋದ ಚಳಿಗಾಲದಿಂದ ಬರಲಿಲ್ಲ."

ಮಾವಶಿ ಸೆರಗಿನಿಂದ ಮುಖ ಒರೆಸಿಕೊಂಡರು. ಅಳುತ್ತಿದ್ದರು, ಅದನ್ನು ಮುಚ್ಚಿಡಲೂ ಇಲ್ಲ. ಆಮೇಲೆ ನನ್ನ ಕಡೆ ತಿರುಗಿ, "ವಕೀಲ್ರ, ಮುಂದಿನ ಐತವಾರ ನಿಮಗ ಬ್ಯಾರೆ ಕೆಲಸ ಅದ ಏನು?" ಎಂದರು.

"ಇಲ್ರೀ."

"ಬಾರಾಮತಿಗೆ ಬರ್ರಿ ನನ್ನ ಜೋಡಿ. ಅಂವ ಬಾಗಲಾ ಹಾಕ್ಕೊಂಡ್ರ ಒಬ್ಬಾಕಿನಽ ತಿರುಗಿ ಬರೂದು ನನ್ನ ಕಡಿಂದ ಆಗಂಗಿಲ್ಲ."

ಆ ರವಿವಾರ ಖಾನಾವಳಿ ಮುಚ್ಚಿತ್ತು. ಸ್ವಾರಗೇಟಿನಿಂದ ಬೆಳಗಿನ ಬಸ್ಸು. ಮಾವಶಿಯ ಮಡಿಲಲ್ಲಿ ಗಂಟು: ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಮೇಲೆ ಇಡಿ ಎಂದರೆ ಕೇಳಲಿಲ್ಲ. ಸಾಸವಡ ದಾಟಿದ ಮೇಲೆ ಕೇಳಿದರು, "ನಾ ಏನಂತ ಶುರು ಮಾಡ್ಲಿ?"

ಅರ್ಜಿ ಬರೆದು ಬದುಕುವವನು ನಾನು, ತಕ್ಷಣ ಹೇಳಿದೆ. ಮೊದಲು ನಡೆದದ್ದು, ಆಮೇಲೆ ಅದಕ್ಕೆ ಕಾರಣ, ಕೊನೆಗೆ ಕ್ಷಮೆ ಕೋರಿಕೆ.

"ನಿಮ್ಮ ಅರ್ಜಿ ಕೇಳಿದ್ರ ಅಂವ ಮುಂದಿನ ತಾರೀಖ ಕೊಟ್ಟು ಕಳಸ್ತಾನ," ಎಂದರು. ನಕ್ಕರು. ಮೋರಗಾವ ದಾಟಿದ ಮೇಲೆ ಒಮ್ಮೆ, ಇಲ್ಲೇ ಇಳಿದು ತಿರುಗಿ ಹೋಗೋಣವೇ ಎಂದು ಕೇಳಿದರು. ನಾನು ಕೇಳಿಸದವನಂತೆ ಕಿಟಕಿಯಾಚೆಯ ಕಬ್ಬನ್ನು ನೋಡುತ್ತ ಕೂತೆ. ನನ್ನ ಜನ್ಮದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು.

ವಿಳಾಸ ಕೇಳಿ ಕೇಳಿ ಮನೆ ಹುಡುಕಿದೆವು. ತಗಡಿನ ಗೇಟು, ಒಂದು ನುಗ್ಗೆ ಗಿಡ, ಹಸಿರು ಬಾಗಿಲು. ಬೀಗ ಇರಲಿಲ್ಲ. ಅದನ್ನು ನೋಡಿ ಮಾವಶಿ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಆದರೆ ಮೆಟ್ಟಿಲ ಹತ್ತಿರ ನಿಂತುಬಿಟ್ಟರು. "ನೀವಽ ಬಡೀರಿ" ಎಂದರು. ಬಡಿದೆ.

ಹತ್ತು ಹನ್ನೊಂದು ವರ್ಷದ ಹುಡುಗಿ ಬಾಗಿಲು ತೆಗೆದಳು. ಗಿಡ್ಡ ಆಳು, ಅಗಲ ಹಣೆ. ಅಪ್ಪ ಇದ್ದಾರೇನವ್ವಾ ಎಂದು ಕೇಳಿದೆ. ಒಳಗೆ ಇದ್ದಾರೆಂದಳು. ನನ್ನನ್ನು ಬಿಟ್ಟು ಮಾವಶಿಯನ್ನೇ ನೋಡತೊಡಗಿದಳು. ಮಾವಶಿ ಒಂದು ಮೆಟ್ಟಿಲು ಹತ್ತಿ, "ನಿನ್ನ ಹೆಸರೇನವ್ವಾ?" ಎಂದರು.

ಹುಡುಗಿ ಹೇಳಿದಳು. ಅದು ಮಾವಶಿಯ ಹೆಸರು.

ಹಿರಿಯರ ಹೆಸರಿಟ್ಟ ಕೂಸನ್ನು ನಮ್ಮ ಕಡೆ ಹೆಸರು ಹಿಡಿದು ಕೂಗುವುದಿಲ್ಲ. ತನ್ನ ತಾಯಿಯ ಹೆಸರಿಟ್ಟವನು ಮಗಳನ್ನು ಅವ್ವಾ ಎಂದೇ ಕರೆಯುತ್ತಾನೆ, ಬಯ್ಯುವಾಗಲೂ ಅಷ್ಟೇ. ಇದು ನನಗೂ ಗೊತ್ತಿತ್ತು, ಮಾವಶಿಗೂ ಗೊತ್ತಿತ್ತು. ಆದರೆ ಆ ಕ್ಷಣ ಇಬ್ಬರಿಗೂ ಹೊಳೆದಿರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಗಂಡಸಿನ ದನಿ ಬಂತು, ದಿನಕ್ಕೆ ಹತ್ತು ಸಲ ಕೂಗಿ ರೂಢಿಯಾದ ದನಿ:

"ಅಕ್ಕಾ, ಯಾರು ಬಂದಾರಬೇ?"

ಹುಡುಗಿ ಉತ್ತರ ಕೊಡಲು ಹಿಂದಕ್ಕೆ ತಿರುಗಿದಳು. ಅವಳು ಬಾಯಿ ತೆರೆಯುವ ಮೊದಲೇ, "ನಾನಪಾ," ಎಂದರು ಮಾವಶಿ, ಮತ್ತು ಹೊಸ್ತಿಲು ದಾಟಿ ಒಳಗೆ ಹೋದರು.